ಅತ್ತಿ ಮರ ಅಲುಗಾಡಿಸುವ ಮುಂಚೆ

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇವೆ. ಕೊಳ್ಳುವುದು, ಕೂಡಿಡುವುದು, ಎಸೆಯುವುದು. ಹಬ್ಬದ ಆಫರ್ ಮುಗಿದು ಕಂತು ಕಟ್ಟುವ ತಿಂಗಳು ಬಂತಲ್ಲ, ಅದಕ್ಕೂ ಇರಬಹುದು. ಹೊಸದಾಗಿ ಓದುವವರಿಗೆ ನನ್ನ ಪರಿಚಯ ಎರಡೇ ಮಾತಲ್ಲಿ ಹೇಳಿಬಿಡುತ್ತೇನೆ. ನಾನು ಮುಂಡಗೋಡಿನವಳು, ಹೊಲಿಗೆ ನನ್ನ ಕಸುಬು. ನಮ್ಮೂರ ಪಕ್ಕದಲ್ಲಿ 1966ರಿಂದ ಟಿಬೆಟಿಯನ್ ಕಾಲೋನಿ ಇದೆ. ಅಲ್ಲಿನ ಭಿಕ್ಷುಗಳಿಗೆ 30 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಬುದ್ಧನ ಮಾತು ನನಗೆ ಸಿಕ್ಕಿದ್ದು ಮೊದಲು ಬಟ್ಟೆಯಲ್ಲಿ. ಪುಸ್ತಕ ಓದಿದ್ದು ಆಮೇಲೆ.

ಪ್ರಶ್ನೆ: ಅಕ್ಕಾವ್ರೆ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಮಗು ಮಲಗಿದ ಮೇಲೆ ಫೋನ್ ಹಿಡಿದು ಸೀರೆ, ಕುರ್ತಾ ನೋಡುತ್ತಾ ಕೂರುತ್ತೇನೆ. ವಾರಕ್ಕೆ ಒಂದಾದರೂ ಪಾರ್ಸೆಲ್ ಬರುತ್ತದೆ. ಬರುವವರೆಗೆ ಖುಷಿ, ಬಿಚ್ಚಿದ ಮೇಲೆ ಏನೂ ಇಲ್ಲ. ಬೀರುವಿನಲ್ಲಿ ಲೇಬಲ್ ಕೂಡ ಕೀಳದ ಬಟ್ಟೆ 14 ಇವೆ. ಆಸೆಯೇ ದುಃಖಕ್ಕೆ ಮೂಲ ಎಂದು ಬುದ್ಧ ಹೇಳಿದ್ದು ಸರಿ. ಆದರೆ ಸಂಸಾರಸ್ಥರು ಎಲ್ಲ ಬಿಟ್ಟು ಬದುಕುವುದು ಹೇಗೆ?
— ಓದುಗಿ, ದಾವಣಗೆರೆ

ಉತ್ತರ: ನೋಡಿ ತಂಗಿ, ಎಲ್ಲ ಬಿಡಿ ಎಂದು ಬುದ್ಧ ಸಂಸಾರಸ್ಥರಿಗೆ ಹೇಳಲೇ ಇಲ್ಲ. ನಿಮ್ಮ ಪ್ರಶ್ನೆಯನ್ನೇ ಹಿಡಿದುಕೊಂಡು ಒಬ್ಬಾತ ಬುದ್ಧನ ಹತ್ತಿರ ಹೋಗಿದ್ದ. ದೀಘಜಾಣು ಎಂದು ಹೆಸರು, ಕೋಲಿಯ ಎಂಬ ಕುಲದವನು. ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಈ ಪ್ರಸಂಗ ಬರುತ್ತದೆ. ಅವನು ಹೇಳಿದ್ದು ಹೆಚ್ಚುಕಮ್ಮಿ ಹೀಗೆ: ‘ನಾವು ಮನೆ ಮಕ್ಕಳು ಎಂದು ಗಿಜಿಗಿಜಿ ಬದುಕುವವರು. ಕಾಶಿಯ ಗಂಧ ಹಚ್ಚಿಕೊಳ್ಳುತ್ತೇವೆ, ಹೂ ಮುಡಿಯುತ್ತೇವೆ, ಬೆಳ್ಳಿ ಬಂಗಾರ ಬೇಕು ಎನ್ನುತ್ತೇವೆ. ನಮ್ಮಂಥವರಿಗೆ ಒಳ್ಳೆಯದಾಗುವ ಮಾತು ಏನಿದೆ?’

ಗಂಧ ಒರೆಸಿಕೊಂಡು ಬಾ ಎಂದು ಬುದ್ಧ ಅವನಿಗೆ ಹೇಳಲಿಲ್ಲ. ನಾಲ್ಕು ಮಾತು ಹೇಳಿದ. ಮೈಬಗ್ಗಿಸಿ ದುಡಿ. ದುಡಿದದ್ದನ್ನು ಕಾಪಾಡಿಕೋ. ಒಳ್ಳೆಯವರ ಸಹವಾಸ ಮಾಡು. ಹದವಾಗಿ ಬಾಳು. ಈ ನಾಲ್ಕನೆಯದಕ್ಕೆ ಆ ಗ್ರಂಥಗಳ ಪಾಲಿ ಭಾಷೆಯಲ್ಲಿ ಸಮಜೀವಿತಾ ಎನ್ನುತ್ತಾರೆ. ಅದನ್ನು ವಿವರಿಸಲು ಬುದ್ಧ ತಕ್ಕಡಿಯ ಹೋಲಿಕೆ ಕೊಟ್ಟ. ತೂಗುವವನು ತಕ್ಕಡಿ ಎತ್ತಿ ಹಿಡಿದರೆ ಇಷ್ಟಕ್ಕೆ ಇಳಿಯಿತು, ಇಷ್ಟಕ್ಕೆ ಏರಿತು ಎಂದು ಕೈಗೇ ಗೊತ್ತಾಗುತ್ತದಲ್ಲ, ಹಾಗೆ ಸಂಸಾರಸ್ಥನಿಗೆ ತನ್ನ ಬರುವ ಹೋಗುವ ಲೆಕ್ಕ ಗೊತ್ತಿರಬೇಕು. ಜಾಸ್ತಿ ದುಡಿದೂ ಜಿಪುಣನಾಗಿ ಒಣಗುವವನನ್ನೂ ಅವನು ಒಪ್ಪಲಿಲ್ಲ. ಕಡಿಮೆ ಬಂದರೂ ಹೆಚ್ಚು ಉಡಾಯಿಸುವವನನ್ನು ಮಾತ್ರ ಒಂದು ವಿಶೇಷ ಹೆಸರಿನಿಂದ ಕರೆದ: ಅತ್ತಿ ಹಣ್ಣು ತಿನ್ನುವವನು.

ಇದನ್ನು ಮೊದಲ ಸಲ ಓದಿದಾಗ ನನಗೆ ಅರ್ಥವೇ ಆಗಲಿಲ್ಲ. ಅತ್ತಿ ಹಣ್ಣು ತಿಂದರೆ ಏನು ತಪ್ಪು? ಹಳೆಯ ವ್ಯಾಖ್ಯಾನ ನೋಡಿದ ಮೇಲೆ ತಿಳಿಯಿತು. ನಾಲ್ಕು ಹಣ್ಣು ತಿನ್ನಲು ಅವನು ಇಡೀ ಮರ ಅಲುಗಾಡಿಸುತ್ತಾನೆ. ರಾಶಿ ಬೀಳುತ್ತದೆ. ಹಣ್ಣೂ ಬೀಳುತ್ತದೆ, ಕಾಯಿಯೂ ಬೀಳುತ್ತದೆ. ಅವನು ನಾಲ್ಕು ತಿಂದು ಎದ್ದು ಹೋಗುತ್ತಾನೆ. ನಮ್ಮ ಮನೆ ಹಿತ್ತಲಿನ ಹಳ್ಳದ ದಂಡೆಯಲ್ಲಿ ಒಂದು ಅತ್ತಿ ಮರ ಇದೆ. ಬುಡದಿಂದ ಕೊಂಬೆವರೆಗೆ ಗೊಂಚಲು ಗೊಂಚಲಾಗಿ ಕಾಯಿ ಅಂಟಿಕೊಂಡಿರುತ್ತದೆ. ಮಂಗಗಳು ಬಂದು ಹೋದ ಬೆಳಿಗ್ಗೆ ಅದರ ಬುಡ ನೋಡಬೇಕು ನೀವು. ಕಾಲಿಟ್ಟಲ್ಲಿ ಒಡೆದ ಕಾಯಿ, ಒಂದು ಕಡೆ ಕಚ್ಚಿ ಬಿಟ್ಟ ಹಣ್ಣು, ಮೇಲೆ ಗುಂಯ್ ಎನ್ನುವ ನೊಣ. ನಿಮ್ಮ 14 ಬಟ್ಟೆಗಳ ಮಾತು ಓದಿದಾಗ ನನಗೆ ಆ ಬುಡವೇ ಕಣ್ಣಿಗೆ ಬಂತು. ನೊಂದುಕೊಳ್ಳಬೇಡಿ. ಈಗಿನ ಕಾಲದಲ್ಲಿ ಮರ ಅಲುಗಾಡಿಸಲು ನಾವು ಏಳಬೇಕಾಗಿಯೇ ಇಲ್ಲ. ಮಗು ಮಲಗಿದ ಹೊತ್ತು ನೋಡಿಕೊಂಡು ಫೋನೇ ಅಲುಗಾಡಿಸಿ ಕೊಡುತ್ತದೆ.

ಇನ್ನು ‘ಆಸೆಯೇ ದುಃಖಕ್ಕೆ ಮೂಲ’ ಎಂಬ ಮಾತು. ಕನ್ನಡದಲ್ಲಿ ಎಲ್ಲವನ್ನೂ ಆಸೆ ಎಂದುಬಿಡುತ್ತೇವೆ. ಮಗಳು ಚೆನ್ನಾಗಿ ಓದಲಿ ಎನ್ನುವುದೂ ಆಸೆ, ಇನ್ನೊಂದು ಕುರ್ತಾ ಬೇಕು ಎನ್ನುವುದೂ ಆಸೆ. ಬುದ್ಧ ಬಳಸಿದ ಶಬ್ದ ತಣ್ಹಾ. ಅಂದರೆ ಬಾಯಾರಿಕೆ. ಅದೂ ಉಪ್ಪುನೀರು ಕುಡಿದವರ ಬಾಯಾರಿಕೆ. ನೀವೇ ಅದನ್ನು ಚೆನ್ನಾಗಿ ಬರೆದಿದ್ದೀರಿ, ಬರುವವರೆಗೆ ಖುಷಿ, ಬಿಚ್ಚಿದ ಮೇಲೆ ಏನೂ ಇಲ್ಲ ಎಂದು. ನಿಮಗೆ ಬೇಕಾಗಿದ್ದು ಬಟ್ಟೆ ಆಗಿದ್ದರೆ ಬಟ್ಟೆ ಬಂದ ಮೇಲೆ ಬಾಯಾರಿಕೆ ನಿಲ್ಲಬೇಕಿತ್ತು, ಅಲ್ವಾ? ದಿನವಿಡೀ ಕೌಂಟರಿನಲ್ಲಿ ಕೂತು ಬಂದು, ಮನೆ ಕೆಲಸ ಮುಗಿಸಿ, ನಿಮಗೆ ಅಂತ ಉಳಿದಿರುವುದು ಆ ಅರ್ಧ ಗಂಟೆ ಮಾತ್ರ. ನನಗೆ ಅನಿಸುವ ಮಟ್ಟಿಗೆ ನಿಮಗೆ ಬೇಕಾಗಿರುವುದು ಆ ಅರ್ಧ ಗಂಟೆ. ಅದನ್ನು ಬೇರೆ ಯಾವುದಕ್ಕಾದರೂ ಕೊಟ್ಟು ನೋಡಿ. ಅಕ್ಕನಿಗೋ ಗೆಳತಿಗೋ ಫೋನ್ ಮಾಡಿ. ಸುಮ್ನೆ ಮಲಗಿದರೂ ಆದೀತು.

ಭಿಕ್ಷುಗಳಿಗೆ ವಿನಯ ಎಂಬ ಅವರ ನಿಯಮಗಳ ಗ್ರಂಥದಲ್ಲಿ ಒಂದು ನಿಯಮ ಇದೆ. ಹೆಚ್ಚುವರಿ ಬಟ್ಟೆ ಸಿಕ್ಕಿದರೆ 10 ದಿನ ಮಾತ್ರ ಹಾಗೇ ಇಟ್ಟುಕೊಳ್ಳಬಹುದು, ಆಮೇಲೆ ಇಟ್ಟುಕೊಂಡರೆ ತಪ್ಪು. ನಾನು ಇದನ್ನು ತಿರುಗಿಸಿ ಪಾಲಿಸುತ್ತೇನೆ. ಬೇಕು ಅನಿಸಿದ್ದನ್ನು ಚೀಟಿಯಲ್ಲಿ ಬರೆದು ಮಷಿನ್ ಡ್ರಾಯರಿನಲ್ಲಿ 10 ದಿನ ಇಡುತ್ತೇನೆ. ಬಹಳ ಸಲ ಹನ್ನೊಂದನೇ ದಿನ ಆ ಚೀಟಿ ಓದಿದರೆ ಯಾಕೆ ಬರೆದೆ ಎಂದೇ ನೆನಪಾಗುವುದಿಲ್ಲ. ಭಿಕ್ಷು ಬಟ್ಟೆ ತೊಡುವಾಗ ನೆನೆಯುವ ಸಾಲುಗಳೂ ಇವೆ. ಚಳಿ ತಡೆಯಲು, ಬಿಸಿಲು ತಡೆಯಲು, ನೊಣ ಸೊಳ್ಳೆ ಗಾಳಿ ಹುಳಹುಪ್ಪಟೆ ತಡೆಯಲು, ಮಾನ ಮುಚ್ಚಲು. ಅಷ್ಟೇ. ನಾವು ಚಂದಕ್ಕೂ ಉಡುತ್ತೇವೆ, ಉಡಬೇಕು ಕೂಡ. ಆದರೆ ಒಂದು ಹತ್ತಿ ಟೀ ಶರ್ಟಿನ ಹಿಂದೆ ಬೆಳೆಯಿಂದ ಹಿಡಿದು ಸುಮಾರು 2,700 ಲೀಟರ್ ನೀರು ಹೋಗಿರುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಅಷ್ಟು ನೀರು ಕುಡಿದು ಬಂದ ಬಟ್ಟೆ ಯಾರ ಮೈಮೇಲೂ ಏರದೆ ಬೀರುವಿನಲ್ಲಿ ಕೂತಿದೆ ಎಂದರೆ ನನಗೆ ಸಂಕಟವಾಗುತ್ತದೆ. ಆ 14ರಲ್ಲಿ ಈ ವಾರ ಉಡುವಂಥದ್ದನ್ನು ಲೇಬಲ್ ಕಿತ್ತು ಉಡಿ. ಉಳಿದದ್ದನ್ನು ಇವತ್ತೇ ಉಡುವವರಿಗೆ ಕೊಡಿ.

ಪ್ರಶ್ನೆ: ಜೈಭೀಮ್ ಅಕ್ಕಾ. ನಮ್ಮಪ್ಪ ಗಾರೆ ಕೆಲಸ ಮಾಡುತ್ತಾರೆ. ಮನೆಯಲ್ಲಿ ಫ್ರಿಜ್ ಇಲ್ಲ, ಬೇಸಿಗೆಯಲ್ಲಿ ಅನ್ನ ಹಳಸುತ್ತದೆ. ‘ಕಡಿಮೆ ಬಳಸಿ, ಪರಿಸರ ಉಳಿಸಿ’ ಎಂದು ಭಾಷಣ ಮಾಡುವವರನ್ನು ಕಂಡರೆ ಸಿಟ್ಟು ಬರುತ್ತದೆ. ನಾವು ಕೊಳ್ಳಬಾರದೇ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಕೊಳ್ಳಿ ತಮ್ಮಾ, ಫ್ರಿಜ್ ಕೊಳ್ಳಿ. ನಿಮ್ಮ ಸಿಟ್ಟು ನ್ಯಾಯವಾದದ್ದು. ಸಂಸಾರಸ್ಥನಿಗೆ ಬಡತನ ದುಃಖ ಎಂದು ಬುದ್ಧ ನೇರವಾಗಿ ಹೇಳಿದ್ದಾನೆ. ಬಾಬಾಸಾಹೇಬರು 1950ರಲ್ಲಿ ಬರೆದ ಒಂದು ಲೇಖನದಲ್ಲಿ ಒಂದು ಧರ್ಮಕ್ಕೆ ಇರಬೇಕಾದ ಲಕ್ಷಣಗಳನ್ನು ಹೇಳುತ್ತಾ, ಧರ್ಮವಾದದ್ದು ಬಡತನವನ್ನು ಪವಿತ್ರ ಎಂದು ಹೊಗಳಬಾರದು ಎಂದು ಸ್ಪಷ್ಟವಾಗಿ ಇಟ್ಟರು. ಇಲ್ಲದವನಿಗೆ ತ್ಯಾಗದ ಪಾಠ ಹೇಳುವುದು ಬುದ್ಧನ ದಾರಿ ಅಲ್ಲ. ಅಲುಗಾಡಿಸುವ ಮಾತೆಲ್ಲ ಮರದ ಹತ್ತಿರ ನಿಂತವರಿಗೆ, ಹಸಿದು ದೂರ ನಿಂತವರಿಗಲ್ಲ.

ಒಂದೇ ಎಚ್ಚರಿಕೆ ಹೇಳುತ್ತೇನೆ. ಬಡತನ ದುಃಖ ಎಂದ ಮೇಲೆ ಬುದ್ಧ ಅಲ್ಲಿಗೇ ಬಿಡಲಿಲ್ಲ. ಬಡವ ಸಾಲ ಮಾಡುತ್ತಾನೆ, ಅದು ದುಃಖ. ಬಡ್ಡಿ ಒಪ್ಪಿಕೊಳ್ಳುತ್ತಾನೆ, ಅದು ದುಃಖ. ವಾಯಿದೆಗೆ ಕಟ್ಟದಿದ್ದರೆ ಸಾಲ ಕೊಟ್ಟವನು ಮನೆಗೆ ಬಂದು ಕೇಳುತ್ತಾನೆ, ಬೆನ್ನು ಹತ್ತುತ್ತಾನೆ, ಕಟ್ಟಿ ಹಾಕಿಸುತ್ತಾನೆ, ಎಲ್ಲವೂ ದುಃಖ ಎಂದು ಒಂದೊಂದೇ ಮೆಟ್ಟಿಲು ಎಣಿಸಿದ. ಅನಾಥಪಿಂಡಿಕ ಎಂಬ ಸಿರಿವಂತ ವರ್ತಕನಿಗೆ ಗೃಹಸ್ಥನ ನಾಲ್ಕು ಸುಖ ಹೇಳುವಾಗ ಸಾಲ ಇಲ್ಲದ ಸುಖವನ್ನೂ ಅದರಲ್ಲಿ ಸೇರಿಸಿದ. ‘ಜೀರೋ ಬಡ್ಡಿ’ ಎಂದು ಬೋರ್ಡು ನೋಡಿ ಒಳಗೆ ಹೋದವರು ದೊಡ್ಡ ಫ್ರಿಜ್, ಜೊತೆಗೆ ಟಿವಿ, ಜೊತೆಗೆ ಫೋನ್ ಹೊತ್ತು ಹೊರಗೆ ಬರುತ್ತಾರೆ. ನಿಮ್ಮ ಅನ್ನ ಕಾಯುವಷ್ಟು ದೊಡ್ಡದು ಸಾಕು. ಸಾಧ್ಯವಾದರೆ ಆರು ತಿಂಗಳು ಕೂಡಿಸಿ, ರೊಕ್ಕ ಕೊಟ್ಟು ತನ್ನಿ.

ಪ್ರಶ್ನೆ: ನಮ್ಮ ಕಡೆ ಗುಡ್ಡಗಳನ್ನೇ ಅಗೆದು ಹಡಗಿಗೆ ತುಂಬಿ ಕಳಿಸಿದರು. ಇಂಥದ್ದರಲ್ಲಿ ನಾನೊಬ್ಬ ಎರಡು ಅಂಗಿ ಕಡಿಮೆ ಕೊಂಡರೆ ಏನಾದೀತು? ಬೌದ್ಧರು ಮನಸ್ಸಿನ ಮಾತು ಬಿಟ್ಟು ಬೇರೆ ಏನಾದರೂ ಮಾಡಿದ್ದಾರೆಯೇ?
— ಶಿಕ್ಷಕರು, ಸಂಡೂರು

ಉತ್ತರ: ಮೇಷ್ಟ್ರೇ, ನೀವು ಎರಡು ಅಂಗಿ ಕಡಿಮೆ ಕೊಂಡರೆ ಗಣಿ ನಿಲ್ಲುವುದಿಲ್ಲ. ಅದನ್ನು ಒಪ್ಪಿಕೊಂಡೇ ಮುಂದೆ ಹೇಳುತ್ತೇನೆ.

ನಾನು ಕಣ್ಣಾರೆ ಕಂಡ ಒಂದು ಸಂಗತಿ ಇದೆ. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರ ಎಂಬ ಟಿಬೆಟಿಯನ್ ಬೌದ್ಧರ ದೊಡ್ಡ ದೀಕ್ಷಾ ಸಮಾರಂಭ ನಡೆಯಿತು. ನಮ್ಮ ಕಾಲೋನಿಯಿಂದಲೂ ತುಂಬಾ ಜನ ಹೋಗಿದ್ದರು. ಟಿಬೆಟಿನಿಂದಲೇ ಯಾತ್ರಿಕರು ಬಂದಿದ್ದರು. ಟಿಬೆಟಿನಲ್ಲಿ ಹಬ್ಬಕ್ಕೆ ಮದುವೆಗೆ ಉಡುವ ಚುಬಾ ಎಂಬ ನಿಲುವಂಗಿಗೆ ಹುಲಿ, ಚಿರತೆ, ನೀರುನಾಯಿ ಚರ್ಮದ ಅಂಚು ಹಾಕುವುದು ಆಗ ದೊಡ್ಡಸ್ತಿಕೆಯಾಗಿತ್ತು. ದುಡ್ಡು ಬಂದ ಹಾಗೆ ಅಂಚೂ ಅಗಲವಾಗುತ್ತಾ ಹೋಗಿತ್ತು. ಆ ಚರ್ಮ ಹೋಗುತ್ತಿದ್ದುದು ಬಹಳ ಮಟ್ಟಿಗೆ ನಮ್ಮ ದೇಶದಿಂದ. ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲ ಎಂದು ಗೊತ್ತಾಗಿದ್ದು ಅದರ ಹಿಂದಿನ ವರ್ಷವೇ. ದಲೈ ಲಾಮಾ ಅಮರಾವತಿಯ ಸಭೆಯಲ್ಲಿ, ಇದು ನಾಚಿಕೆಗೇಡು, ಊರಿಗೆ ಹೋದ ಮೇಲೆ ಇನ್ನು ತೊಡಬೇಡಿ ಎಂದರು. ಮುಂದಿನ ಕೆಲವು ವಾರಗಳಲ್ಲಿ ಟಿಬೆಟಿನ ಊರುಗಳಲ್ಲಿ ಜನ ತಾವು ವರ್ಷಗಟ್ಟಲೆ ದುಡಿದು ಕೊಂಡ ಚರ್ಮಗಳನ್ನು ಬೀದಿಗೆ ತಂದು ಸುಟ್ಟರು. ಪೊಲೀಸರು ಹಿಡಿದುಕೊಂಡು ಹೋದರೂ ಸುಟ್ಟರು. ಅದರಲ್ಲಿ ಗುರುವಿನ ಮೇಲಿನ ಭಕ್ತಿಯೂ ಇತ್ತು, ರಾಜಕೀಯವೂ ಇತ್ತು. ಇದ್ದರೂ ಅಂಚು ಕೊಳ್ಳುವವರು ಇಲ್ಲವಾದರು.

ಆ ವರ್ಷವೇ ಕಾಲೋನಿಯ ಒಬ್ಬ ಅಜ್ಜಿ ನನ್ನ ಹತ್ತಿರ ಹಳೆಯ ಚುಬಾ ತಂದರು. ನೀರುನಾಯಿ ಚರ್ಮದ ಅಂಚು, ನಾಲ್ಕು ಬೆರಳು ಅಗಲ. ‘ಬಿಚ್ಚಿಕೊಡು’ ಎಂದರು. ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಕತ್ತರಿಸಿದೆ. ಕೈಹೊಲಿಗೆ, ಮೇಣ ಸವರಿದ ದಾರ, ಎಳೆದರೂ ಬರುವಂಥದ್ದಲ್ಲ. ಚರ್ಮದ ಕೆಳಗೆ ಉಣ್ಣೆ ಹೊಸದರ ಹಾಗೇ ಕಪ್ಪಗಿತ್ತು. ಉಳಿದ ಕಡೆಯೆಲ್ಲ ಮಾಸಿ ಕಂದಾಗಿತ್ತು. ಅಂಚು ತೆಗೆದ ಜಾಗಕ್ಕೆ ಬೇರೆ ಪಟ್ಟಿ ಹಾಕಲೇ ಎಂದು ಕೇಳಿದೆ. ಬೇಡ ಎಂದರು. ಆ ಕಪ್ಪು ಪಟ್ಟಿ ಕಾಣುವ ಹಾಗೇ ಅವರು ಅದನ್ನು ಎಷ್ಟೋ ವರ್ಷ ಉಟ್ಟರು.

ಇದು ಇದ್ದರೆ ಅದು ಇರುತ್ತದೆ, ಇದು ನಿಂತರೆ ಅದು ನಿಲ್ಲುತ್ತದೆ ಎನ್ನುವುದು ಬುದ್ಧನ ಮಾತಿನ ಬೇರು. ಅಂಚು ಬೇಕು ಎನ್ನುವವರು ಇದ್ದರು, ಹಾಗಾಗಿ ಸರಿಸ್ಕಾದಲ್ಲಿ ಉರುಳು ಇತ್ತು. ಮುಂಡಗೋಡಿನ ಅಜ್ಜಿಗೂ ರಾಜಸ್ಥಾನದ ಕಾಡಿಗೂ ನಡುವೆ ಒಂದು ದಾರ ಇತ್ತು. ನಿಮ್ಮ ಗುಡ್ಡದಿಂದಲೂ ಯಾವುದೋ ಊರಿನ ಕಾರಿಗೆ, ಕಟ್ಟಡಕ್ಕೆ ದಾರ ಇದೆ. ಅದು ಉದ್ದ ಇರುವುದರಿಂದ ನಮಗೆ ಕಾಣುವುದಿಲ್ಲ.

ಆದರೆ ಒಬ್ಬೊಬ್ಬರು ಬಿಟ್ಟರೆ ಸಾಲದು, ಊರು ಸೇರಬೇಕು, ಆಳುವವರನ್ನು ಕೇಳಬೇಕು ಎಂಬ ಮಾತಿಗೂ ಆಧಾರ ಇದೆ. ಥಾಯ್ಲೆಂಡಿನಲ್ಲಿ ಮರಕಡಿತ ಮಿತಿ ಮೀರಿ, 1988ರ ನವೆಂಬರಿನಲ್ಲಿ ದಕ್ಷಿಣದಲ್ಲಿ ದೊಡ್ಡ ನೆರೆ ಬಂತು. ಬೋಳು ಗುಡ್ಡಗಳಿಂದ ಮಣ್ಣು, ಮರದ ದಿಮ್ಮಿ ಕೊಚ್ಚಿ ಬಂದು ಹಳ್ಳಿಗಳ ಮೇಲೆ ಬಿದ್ದವು. ನೂರಾರು ಜನ ಸತ್ತರು. 1989ರ ಜನವರಿಯಲ್ಲಿ ಸರ್ಕಾರ ಕಾಡಿನ ಮರಕಡಿತವನ್ನೇ ನಿಷೇಧಿಸಿತು. ಆ ಹೊತ್ತಿನಲ್ಲೇ ಉತ್ತರದ ಫಯಾವ್ ಕಡೆಯ ಫ್ರಾಖ್ರು ಮಾನಸ್, ಆಮೇಲೆ ನಾನ್ ಪ್ರಾಂತ್ಯದ ಫ್ರಾಖ್ರು ಪಿತಕ್ ಎಂಬ ಭಿಕ್ಷುಗಳು ಕಾಡಿನ ದೊಡ್ಡ ಮರಗಳಿಗೆ ಕಾಷಾಯ ಬಟ್ಟೆ ಸುತ್ತಿ ದೀಕ್ಷೆಯ ಮಂತ್ರ ಹೇಳತೊಡಗಿದರು. ಮರ ಭಿಕ್ಷು ಆಗುತ್ತದೆ ಎಂದು ಯಾರೂ ನಂಬಿರಲಿಲ್ಲ. ಆದರೆ ಆ ಬಟ್ಟೆ ಕಂಡ ಕೈ ಕೊಡಲಿ ಎತ್ತಲು ಹಿಂಜರಿಯುತ್ತದೆ. ಊರವರೆಲ್ಲ ಸೇರಿ ಆ ಬಟ್ಟೆ ಸುತ್ತಬೇಕಾದ್ದರಿಂದ ಕಾಡು ಯಾರದು ಎಂಬ ಮಾತೂ ಅಲ್ಲೇ ನಡೆಯುತ್ತದೆ. ನಮ್ಮ ಪಕ್ಕದ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು 1983ರಲ್ಲಿ ಮರ ಅಪ್ಪಿಕೊಂಡಾಗ ಅವರಿಗೆ ಬಟ್ಟೆಯೂ ಬೇಕಾಗಲಿಲ್ಲ, ಕೈಯೇ ಸಾಕಾಯಿತು.

ನಿಮಗೆ ಹತ್ತಿರದ್ದೇ ಇನ್ನೊಂದು ಹೇಳುತ್ತೇನೆ. ಕರ್ನೂಲು ಕಡೆಯ ಎರ್ರಗುಡಿಯಲ್ಲಿ ಅಶೋಕನ ಶಾಸನಗಳಿವೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ. ಅದರಲ್ಲಿ ಒಂದು ಕಡೆ, ಕಡಿಮೆ ಖರ್ಚು ಒಳ್ಳೆಯದು, ಕಡಿಮೆ ಕೂಡಿಡುವುದು ಒಳ್ಳೆಯದು ಎಂದಿದೆ. ಹೇಳಿದವನು ಚಕ್ರವರ್ತಿ. ಇನ್ನೊಂದು ಕಡೆ ತನ್ನ ಅಡುಗೆಮನೆಯ ಲೆಕ್ಕವನ್ನೇ ಕೊರೆಸಿದ್ದಾನೆ. ಮೊದಲು ಸಾರಿಗೆಂದು ದಿನಾ ಲಕ್ಷಗಟ್ಟಲೆ ಪ್ರಾಣಿ ಕೊಲ್ಲುತ್ತಿದ್ದರು, ಈಗ ಮೂರು ಮಾತ್ರ, ಎರಡು ನವಿಲು ಒಂದು ಜಿಂಕೆ, ಜಿಂಕೆಯೂ ದಿನಾ ಇಲ್ಲ, ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ ಎಂದು. ಆಳುವವನು ತನ್ನ ಒಲೆಯಿಂದ ಶುರು ಮಾಡಿದ, ಇನ್ನೂ ಬಿಡದೆ ಉಳಿದದ್ದನ್ನು ಮುಚ್ಚಿಡಲೂ ಇಲ್ಲ. ನಮ್ಮ ಆಳುವವರ ಹತ್ತಿರ ಕೇಳಬೇಕಾದ್ದು ಇಂಥ ಲೆಕ್ಕ. ಗುಡ್ಡದಿಂದ ನಿನ್ನೆ ಎಷ್ಟು ಹೋಯಿತು, ಇವತ್ತು ಎಷ್ಟು, ನಾಳೆ ಎಷ್ಟು ಎಂದು.

ಪ್ರಶ್ನೆ: ಮೇಡಂ, ನೇರವಾಗಿ ಕೇಳುತ್ತೇನೆ. ಭಿಕ್ಷುಗಳ ಕೈಯಲ್ಲೂ ದುಬಾರಿ ಫೋನ್ ನೋಡಿದ್ದೇನೆ. ಹಾಗಾದರೆ ಈ ಉಪದೇಶ ಯಾರಿಗೆ?
— ಓದುಗ, ಕುಶಾಲನಗರ

ಉತ್ತರ: ನಾನೂ ನೋಡಿದ್ದೇನೆ, ಬೇಸರವೂ ಆಗುತ್ತದೆ. ಆದರೆ ಬುದ್ಧನ ಕಾಲದ ಭಿಕ್ಷುಗಳಿಗೂ ಹೊಸ ಪಾತ್ರೆಯ ಹುಚ್ಚು ಇತ್ತು. ಇಲ್ಲದಿದ್ದರೆ ಅದಕ್ಕೊಂದು ನಿಯಮ ಯಾಕೆ ಬರುತ್ತಿತ್ತು? ಭಿಕ್ಷಾಪಾತ್ರೆಗೆ ಐದು ಕಡೆ ತೇಪೆ ಬೀಳುವ ಮುಂಚೆ ಹೊಸದು ಕೇಳಿ ತೆಗೆದುಕೊಂಡರೆ ಅದನ್ನು ಸಂಘಕ್ಕೆ ಒಪ್ಪಿಸಬೇಕು. ಅದನ್ನು ಒಬ್ಬೊಬ್ಬರ ಮುಂದೆ ಹಿಡಿಯುತ್ತಾರೆ. ಬೇಕಾದವರು ತಮ್ಮದನ್ನು ಕೊಟ್ಟು ಬದಲಿಸಿಕೊಳ್ಳುತ್ತಾರೆ. ಕೊನೆಗೆ ಯಾರಿಗೂ ಬೇಡವಾಗಿ ಉಳಿದ ಪಾತ್ರೆ ಇವನ ಪಾಲಿಗೆ. ಒಡೆಯುವವರೆಗೆ ಇದೇ ನಿನ್ನದು ಎಂದು ಕೊಡುತ್ತಾರೆ.

ಇನ್ನೊಂದು ಬಗೆಯ ಭಿಕ್ಷುಗಳನ್ನೂ ನೋಡಿದ್ದೇನೆ. ಒಬ್ಬ ವಯಸ್ಸಾದ ಲಾಮಾ ಮಂಡಿಯ ಹತ್ತಿರ ಹರಿದ ಶಮ್‌ಥಬ್, ಅಂದರೆ ಸೊಂಟದಿಂದ ಕೆಳಗೆ ಉಡುವ ಬಟ್ಟೆ, ತಂದಿದ್ದರು. ಸವೆದು ಜಾಳಾಗಿತ್ತು, ಹೊಸದೇ ಹೊಲಿದುಕೊಡುತ್ತೇನೆ ಎಂದೆ. ಅವರು ತಮ್ಮ ಹಳದಿ ಮೇಲ್ಬಟ್ಟೆ ಬಿಡಿಸಿ ಅದರ ತುಂಡುಗಳ ಜೋಡಣೆ ತೋರಿಸಿದರು. ಬುದ್ಧ ಒಮ್ಮೆ ಮಗಧದ ಭತ್ತದ ಗದ್ದೆಗಳನ್ನು ತೋರಿಸಿ, ಹೀಗೆ ಬದು ಬದುವಾಗಿ ಚೀವರ, ಅಂದರೆ ಭಿಕ್ಷುವಿನ ಬಟ್ಟೆ, ಹೊಲಿಯಬಹುದೇ ಎಂದು ಶಿಷ್ಯ ಆನಂದನನ್ನು ಕೇಳಿದನಂತೆ. ಅಂದಿನಿಂದ ಚೀವರ ಎಂದರೆ ತುಂಡು ಕೂಡಿಸಿದ ಬಟ್ಟೆ. ‘ಮೊದಲೇ ತುಂಡು ಇದೆ. ಇನ್ನೊಂದು ಹಾಕು’ ಎಂದರು ಲಾಮಾ. ಹಾಕಿಕೊಟ್ಟೆ.

ಪ್ರಶ್ನೆ: ಅಟ್ಟದ ಮೇಲೆ ಎರಡು ಗಂಟು ಹಳೆ ಬಟ್ಟೆ ಇವೆ. ಕಸದ ಗಾಡಿಗೆ ಹಾಕಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
— ಗೃಹಿಣಿ, ಧಾರವಾಡ

ಉತ್ತರ: ಅಕ್ಕಾ, ಈ ಪ್ರಶ್ನೆಗೆ ಉತ್ತರ ಆನಂದನೇ ಕೊಟ್ಟಿದ್ದಾನೆ. ಕೋಸಂಬಿಯ ಉದಯನ ರಾಜನ ರಾಣಿಯರು ಅವನಿಗೆ 500 ಬಟ್ಟೆ ದಾನ ಕೊಟ್ಟರು. ರಾಜನಿಗೆ ಸಿಟ್ಟು ಬಂತು, ಸನ್ಯಾಸಿ ಬಟ್ಟೆ ಅಂಗಡಿ ಇಡುತ್ತಾನೆಯೇ ಎಂದು. ಬಂದು ಕೇಳಿದ, ಇಷ್ಟು ಬಟ್ಟೆ ಏನು ಮಾಡುತ್ತೀರಿ? ಹರಿದವರಿಗೆ ಹಂಚುತ್ತೇವೆ. ಅವರ ಹಳೆಯದು? ಹಾಸಿಗೆಯ ಮೇಲುಹಾಸು ಮಾಡುತ್ತೇವೆ. ಹಳೆಯ ಮೇಲುಹಾಸು? ಹಾಸಿಗೆಗೆ ಹೊದಿಕೆ. ಹಳೆಯ ಹೊದಿಕೆ? ನೆಲಹಾಸು. ಅದು ಹಳೆಯದಾದರೆ? ಕಾಲೊರಸು. ಅದೂ ಹಳೆಯದಾದರೆ? ಧೂಳು ಒರೆಸುವ ಬಟ್ಟೆ. ಅದೂ ಹೋದರೆ? ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲ ಮೆತ್ತುತ್ತೇವೆ. ರಾಜ ಮೆಚ್ಚಿ ಇನ್ನೂ 500 ಕೊಟ್ಟ. ಇದನ್ನು ಓದಿದಾಗ ನನಗೆ ನಮ್ಮವ್ವನೇ ಮಾತಾಡಿದ ಹಾಗಾಯಿತು.

ನಿಮಗೆ ಕೌದಿ ಹೊಸದಲ್ಲ, ಧಾರವಾಡದವರಿಗೆ ನಾನು ಏನು ಹೇಳಲಿ. ಆದರೂ ಈಗಿನ ಗಂಟಿಗೆ ಒಂದು ಎಚ್ಚರಿಕೆ ಬೇಕು. ಮೊದಲು ಬಟ್ಟೆ ಬೇರೆ ಮಾಡಿ. ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಹಚ್ಚಿ ನೋಡಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಸಾಸಿವೆ ಕಾಳಿನ ಹಾಗೆ ಗಟ್ಟಿ ಗುಂಡು ಆಗುತ್ತದೆ. ಅದನ್ನು ಕೌದಿಗೆ ಹಾಕಬೇಡಿ. ಜಾರುತ್ತದೆ, ಬೆವರು ಹೀರುವುದಿಲ್ಲ. ಮಣ್ಣಿಗೆ ಕಲಸಿದರೂ ಕರಗುವುದಿಲ್ಲ. ಆನಂದನ ಕೊನೆಯ ಉತ್ತರ ಅದಕ್ಕೆ ನಡೆಯುವುದಿಲ್ಲ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ನೀರಿಗೆ ಬಿಡುತ್ತದೆ ಬೇರೆ. ಅಂಥದ್ದರಲ್ಲಿ ಸಂತೆ ಚೀಲ ಹೊಲಿದುಕೊಳ್ಳಿ, ಬಹಳ ವರ್ಷ ಬರುತ್ತದೆ.

ಹತ್ತಿಯದ್ದನ್ನು ಬಿಸಿನೀರಲ್ಲಿ ಒಗೆದು ಒಣಗಿಸಿ. ದೊಡ್ಡ ಸೀರೆ ಕೆಳಗೆ, ಅದರ ಮೇಲೆ ಪಂಚೆ, ಲುಂಗಿ, ಅಂಗಿಯ ಬೆನ್ನು. ಹಾಸಿ ಸುಕ್ಕಿಲ್ಲದ ಹಾಗೆ ಕಚ್ಚಾ ಹೊಲಿಗೆ ಹಾಕಿ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬನ್ನಿ. ನಮ್ಮ ತಾಲ್ಲೂಕಿನ ಸಿದ್ದಿ ಹೆಣ್ಣುಮಕ್ಕಳು ಕೌದಿ ಮುಗಿಸಿದ ಮೇಲೆ ನಾಲ್ಕು ಮೂಲೆಗೂ ಮೂರು ಮೂಲೆಯಾಗಿ ಮಡಚಿದ ಚೂರು ಇಟ್ಟು ಹೊಲಿಯುತ್ತಾರೆ. ಅದಕ್ಕೆ ಫೂಲ, ಅಂದರೆ ಹೂವು, ಎನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಕಂಡ ಹಾಗೆ ಅವರಿಗೆ. ಆ ಹೂವಿಗೆ ಗಂಟಿನಲ್ಲಿರುವ ತೀರಾ ಸಣ್ಣ, ತೀರಾ ಚಂದದ ಚೂರು ತೆಗೆದಿಡಿ. ಮಗುವಿನ ಹಳೆ ಕುಲಾವಿ ಇದ್ದರೆ ಅದೇ ಆಗಬಹುದು.